ಬರದ ಕೂಸಿನ ಸಾಲು

ಹಳೆಯ ಜನಗಣತಿಯಲ್ಲಿ ನನ್ನ ಮುತ್ತಜ್ಜನ ಹೆಸರು ಹುಡುಕುತ್ತೇನೆ ಎಂದು ನಿಮ್ಮಲ್ಲಿ ಯಾರಾದರೂ ಹೊರಟಿದ್ದರೆ ಮೊದಲೇ ಹೇಳಿಬಿಡುತ್ತೇನೆ: ಸಿಗುವುದಿಲ್ಲ. ಇದಕ್ಕೂ ನಿಮ್ಮ ತಾಳ್ಮೆಗೂ ಸಂಬಂಧವಿಲ್ಲ. ಹೆಸರು ಬರೆದುಕೊಂಡಿದ್ದರು, ನಿಜ. 1881ರ ಗಣತಿಯಲ್ಲಿ ಮನೆಮನೆಗೆ ಹೋಗಿ ಹೆಸರು, ವಯಸ್ಸು, ಜಾತಿ, ಮಾತು, ಹುಟ್ಟಿದ ಸ್ಥಳ, ಕಸುಬು ಎಲ್ಲವನ್ನೂ ಕೇಳಿ ಬರೆದುಕೊಂಡಿದ್ದರು. ಆದರೆ ಎಣಿಸಿ, ಕೂಡಿಸಿ, ಕೋಷ್ಟಕ ಮಾಡಿದ ಮೇಲೆ ಹೆಸರಿನಿಂದ ಸರ್ಕಾರಕ್ಕೆ ಆಗಬೇಕಾದದ್ದೇನೂ ಇರಲಿಲ್ಲ. ಹಾಳೆ ರದ್ದಿಗೆ ಹೋಯಿತು, ಮೊತ್ತ ಉಳಿಯಿತು. ಸ್ವಾತಂತ್ರ್ಯದ ನಂತರದ ಗಣತಿಗಳಿಗೆ 1948ರ ಕಾಯ್ದೆಯ 15ನೇ ಕಲಮು ಬಾಗಿಲು ಹಾಕಿಟ್ಟಿದೆ. ಮನೆಮನೆಯ ವಿವರ ನೋಡುವ ಹಕ್ಕು ಸಾರ್ವಜನಿಕರಿಗಿಲ್ಲ.

ಇಷ್ಟು ಗೊತ್ತಿದ್ದೇ ನಾನು ಎರಡು ವರ್ಷದ ಶನಿವಾರಗಳನ್ನು ಇದಕ್ಕೆ ಕೊಟ್ಟೆ. ಕಾರಣ ಇಬ್ಬರು. ಒಬ್ಬ ಇಂಗ್ಲೆಂಡಿನವನು, ಇನ್ನೊಬ್ಬರು ನನ್ನ ಅಪ್ಪ.

ನಾನು ಪುಣೆಯ ಒಂದು ವಿಮಾ ಕಂಪನಿಯಲ್ಲಿ ಲೆಕ್ಕದ ಕೆಲಸ ಮಾಡುತ್ತೇನೆ. ಯಾವ ವಯಸ್ಸಿನವರು ನೂರಕ್ಕೆ ಎಷ್ಟು ಮಂದಿ ಸಾಯುತ್ತಾರೆ, ಎಷ್ಟು ಮಂದಿ ಮುಂದಿನ ವರ್ಷಕ್ಕೆ ದಾಟುತ್ತಾರೆ ಎನ್ನುವ ಕೋಷ್ಟಕಗಳೇ ನನ್ನ ಅನ್ನ. ನಮ್ಮ ಜೊತೆ ಕೆಲಸ ಮಾಡುವ ಲೀಡ್ಸ್ ಊರಿನ ಒಬ್ಬ, ಒಂದು ಸಂಜೆ ಮೀಟಿಂಗ್ ಮುಗಿದ ಮೇಲೆ, ತನ್ನ ಮುತ್ತಜ್ಜಿಯ ಮನೆಯ 1911ರ ಗಣತಿ ಹಾಳೆಯನ್ನು ಪರದೆಯ ಮೇಲೆ ತೋರಿಸಿದ. ಅಲ್ಲಿ ಮನೆಯ ಯಜಮಾನನೇ ತನ್ನ ಕೈಯಾರೆ ತುಂಬಿದ ಹಾಳೆ. ಆ ವರ್ಷ ಅವರು ಮದುವೆಯಾದ ಹೆಂಗಸರ ಬಗ್ಗೆ ಒಂದು ಹೆಚ್ಚಿನ ಪ್ರಶ್ನೆ ಕೇಳಿದ್ದರು: ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ಸತ್ತವರೆಷ್ಟು. ಆ ಹಾಳೆಯಲ್ಲಿ 9, 6, 3 ಎಂದು ಬರೆದಿತ್ತು. 3 ಎಂಬಲ್ಲಿ ಶಾಯಿ ಸ್ವಲ್ಪ ದಪ್ಪವಾಗಿತ್ತು, ಪೆನ್ನು ಅಲ್ಲಿ ಒಂದು ಗಳಿಗೆ ನಿಂತಿರಬೇಕು. ನೂರು ವರ್ಷ ಮುಗಿದ ಹಾಳೆಗಳನ್ನು ಅವರು ತೆರೆದುಬಿಡುತ್ತಾರೆ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. ಅಮೆರಿಕದವರಿಗೆ 72 ವರ್ಷ ಸಾಕು. ಎಲ್ಲವೂ ಉಳಿದಿದೆ ಎಂದಲ್ಲ, ಇಂಗ್ಲೆಂಡಿನ 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು. ಆದರೆ ಸುಟ್ಟುಹೋಯಿತಲ್ಲ ಎಂದು ಮರುಗುವುದಕ್ಕಾದರೂ ಅವರು ಇಟ್ಟುಕೊಂಡಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಸೂಯೆ ಎಂದೇ ಹೇಳಬೇಕು.

ಅಪ್ಪನ ಕಾರಣ ಬೇರೆ. ಅದಕ್ಕೆ ನಮ್ಮ ಮನೆಯ ಅಡ್ಡಹೆಸರಿನಿಂದ ಶುರುಮಾಡಬೇಕು. ನಾವಿರುವುದು ಧಾರವಾಡ ಜಿಲ್ಲೆಯ ಕಲಘಟಗಿ ಕಡೆ, ಮಲೆನಾಡಿನ ಸೆರಗು, ಭತ್ತ ಬೆಳೆಯುವ ನೆಲ. ನಮ್ಮ ಅಡ್ಡಹೆಸರು ಮಾತ್ರ ಅಲ್ಲಿಂದ ನೂರು ಕಿಲೋಮೀಟರಿಗೂ ಆಚೆ, ಬಾದಾಮಿ ಸೀಮೆಯ ಒಂದು ಜೋಳದ ಹಳ್ಳಿಯದು. ನಮ್ಮ ಕಡೆಯ ಅಡ್ಡಹೆಸರುಗಳ ಗುಟ್ಟು ಇದೇ. ಊರಲ್ಲೇ ಇರುವವನನ್ನು ಊರ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಊರು ಬಿಟ್ಟು ಬೇರೆಡೆ ಹೋದವನಿಗೇ ಬಿಟ್ಟ ಊರು ಅಂಟಿಕೊಳ್ಳುತ್ತದೆ. ಮರಾಠಿಯವರ 'ಕರ'ಗಳೂ ಎಷ್ಟೋ ಹೀಗೆಯೇ ಹುಟ್ಟಿದವು. ಅಡ್ಡಹೆಸರು ಎಂದರೆ ಎಲ್ಲಿಂದ ಹೊರಟೆವು ಎನ್ನುವುದರ ರಸೀದಿ. ಪುಣೆಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ 'ನೀವು ಇಲ್ಲಿಯವರಲ್ಲ ಅಲ್ಲವೇ' ಎಂದವರಿಗೆ, ನಾವು ಹೋದಲ್ಲೆಲ್ಲ ಇಲ್ಲಿಯವರಲ್ಲದೆ ಒಂದೂವರೆ ಶತಮಾನವಾಯಿತು ಎಂದು ಹೇಳಬಹುದಿತ್ತು. ಹೇಳಿದರೆ ಮನೆ ಸಿಗುತ್ತಿರಲಿಲ್ಲ.

ಮನೆಯಲ್ಲಿ ಹೇಳಿಕೊಂಡು ಬಂದ ಕಥೆ ಚಿಕ್ಕದು. ದೊಡ್ಡ ಬರದಲ್ಲಿ ಒಬ್ಬ ಹೆಣ್ಣುಮಗಳು ಬಾದಾಮಿ ಕಡೆಯಿಂದ ಪಡುವಣಕ್ಕೆ ನಡೆದು ಬಂದಳು. ಬರುವಾಗ ಬಸುರಿ. ದಾರಿಯಲ್ಲೇ ಒಂದು ಮರದ ಕೆಳಗೆ ಹೆತ್ತಳು. ಗಂಡ ಜೊತೆಗಿರಲಿಲ್ಲ, ಸತ್ತಿದ್ದನೋ ಬೇರೆ ದಾರಿ ಹಿಡಿದಿದ್ದನೋ ಹೇಳುವವರಿಲ್ಲ. ನಮ್ಮ ಊರಿನ ಒಬ್ಬರ ದನದ ಕೊಟ್ಟಿಗೆಯ ಮೂಲೆಯಲ್ಲಿ ಉಳಿದಳು, ಕೂಲಿ ಮಾಡಿದಳು, ಮಗನನ್ನು ಸಾಕಿದಳು. ಆ ಮಗನೇ ನನ್ನ ಮುತ್ತಜ್ಜ. ಊರಲ್ಲಿ ಅವನನ್ನು ಸಾಯುವತನಕ 'ಬರದ ಕೂಸು' ಎನ್ನುತ್ತಿದ್ದರಂತೆ. ಅಪ್ಪನಿಗೆ ಇಟ್ಟಿರುವುದು ಅವನದೇ ಹೆಸರು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಪದ್ಧತಿಯಿಂದಾಗಿ ಊರಲ್ಲಿ ಈಗಲೂ ಅದೇ ಹೆಸರಿನವರು ನಾಲ್ವರಿದ್ದಾರೆ, ನಾಲ್ವರೂ ಫೋನ್ ಮಾಡುತ್ತಾರೆ.

ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಅಪ್ಪ ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಎಲೆ ತೋರಿಸುತ್ತಾರೆ. ಅಜ್ಜ, ಅಜ್ಜಿ, ಮುತ್ತಜ್ಜ, ಮುತ್ತಜ್ಜಿ. ಕೊನೆಯ ಎಲೆಗೆ ಬಂದಾಗ ಅವರ ದನಿ ಸಣ್ಣದಾಗುತ್ತದೆ. 'ಇದು ಆಕಿಗೆ' ಎನ್ನುತ್ತಾರೆ, ಅಷ್ಟೆ. ನನಗೆ ನೆನಪಿರುವಾಗಿನಿಂದ ಹೀಗೆ. ಎರಡು ವರ್ಷದ ಹಿಂದೆ ಅಪ್ಪನಿಗೆ ಎದೆಯ ಆಪರೇಷನ್ ಆಯಿತು. ಚೇತರಿಸಿಕೊಂಡ ಮೇಲೆ ಒಂದು ದಿನ ಫೋನಿನಲ್ಲಿ, ಬೇರೇನೋ ಮಾತಾಡುತ್ತಿದ್ದವರು, ನಡುವೆ ಹೇಳಿದರು: 'ನಿನ್ನ ಕಂಪ್ಯೂಟರಿನ್ಯಾಗ ಎಲ್ಲಾ ಸಿಗತೈತಂತಲ್ಲವಾ, ಆಕಿ ಹೆಸರೊಂದ ನೋಡ. ಹೆಸರಿಲ್ದ ಕರದ್ರ ಇಷ್ಟು ವರ್ಷ ಬಂದಾಳೋ ಇಲ್ಲೋ.'

ಮೊದಲು ಕೇಳಿದ್ದು ಕಂಪ್ಯೂಟರನ್ನಲ್ಲ, ಹೆಳವನನ್ನು. ಉತ್ತರ ಕರ್ನಾಟಕದಿಂದ ಬಂದವರಿಗೆ ಹೆಳವರನ್ನು ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ: ಮನೆತನಗಳ ವಂಶಾವಳಿಯನ್ನು ಇಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಊರಿಗೆ ಬಂದು, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಹಳಬರನ್ನು ಒಪ್ಪಿಸಿ ಕಾಣಿಕೆ ಪಡೆಯುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ನಮ್ಮ ಮನೆತನದ ಹೆಳವ ಈಗ ಬೈಕಿನಲ್ಲಿ ಬರುತ್ತಾನೆ, ಬೆನ್ನಿನ ಚೀಲದಲ್ಲಿ ಉದ್ದನೆಯ ಪುಸ್ತಕ. ಆ ದೀಪಾವಳಿಗೆ ಅವನು ಬಂದಾಗ ನಾನೂ ಊರಲ್ಲಿದ್ದೆ. ಕಟ್ಟೆಯ ಮೇಲೆ ಕೂತು, ಪುಸ್ತಕ ತೆರೆದರೂ ಅದನ್ನು ನೋಡದೆ, ಒಂದೇ ಉಸಿರಿಗೆ ಒಂಬತ್ತು ತಲೆಮಾರು ಹೇಳಿದ. ನಾನು ಫೋನಿನಲ್ಲಿ ದಾಖಲಿಸಿಕೊಂಡೆ. ಮುತ್ತಜ್ಜನ ಅಪ್ಪನ ಹೆಸರು ಬಂತು. ಅವನು ಐವರು ಅಣ್ಣತಮ್ಮಂದಿರಲ್ಲಿ ಮೂರನೆಯವನು ಎಂಬುದು ಬಂತು. ಉಳಿದ ನಾಲ್ವರ ಹೆಸರೂ, ಅವರ ಮಕ್ಕಳ ಹೆಸರೂ ಬಂದವು. ಆಮೇಲೆ ದನಿ ಏರಿಳಿಯದೆ, ಅದೇ ಲಯದಲ್ಲಿ, 'ನಾಕೂ ಮನಿ ಧಾತು ಈಶ್ವರದಾಗ ನಿಂತಾವ್ರಿ' ಎಂದು ಮುಂದಕ್ಕೆ ಹೋದ.

ಧಾತು, ಈಶ್ವರ ಎನ್ನುವುದು ಸಂವತ್ಸರಗಳ ಹೆಸರು. 1876ರ ಯುಗಾದಿಯಿಂದ 1878ರ ಯುಗಾದಿಯವರೆಗಿನ ಎರಡು ವರ್ಷ. 'ನಿಂತಾವು' ಎಂದರೆ ಆ ಮನೆಗಳಲ್ಲಿ ಮುಂದೆ ಬರೆಯಲು ಯಾರೂ ಉಳಿಯಲಿಲ್ಲ ಎಂದು.

'ಆಕಿ ಹೆಸರ ಐತೇನಪಾ ಪುಸ್ತಕದಾಗ?' ಎಂದು ಅಪ್ಪ ಕೇಳಿದರು.

'ಇಲ್ರಿ ಯಜಮಾನ್ರ. ಬ್ಯಾರೆ ಮನ್ಯಾಗಿಂದ ಬಂದ ಹೆಣಮಕ್ಕಳ ಹೆಸರ ನಮ್ಮ ಪುಸ್ತಕದಾಗ ಬರಂಗಿಲ್ರಿ. ಗಂಡಸರ ಸಾಲ ಅಷ್ಟ.'

ಹೀಗೆ ಹೆಸರಿರುವ ಪುಸ್ತಕದಲ್ಲಿ ಅವಳಿರಲಿಲ್ಲ. ಇನ್ನು ಹೆಸರಿಲ್ಲದ ಪುಸ್ತಕದಲ್ಲಾದರೂ ಇದ್ದಾಳೆಯೇ ನೋಡೋಣ ಎಂದು ನಾನು ಜನಗಣತಿಗೆ ಬಂದೆ.

ಪುಣೆಯಲ್ಲಿರುವ ನಮಗೆ ಒಂದು ಅನುಕೂಲವಿದೆ. ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ಗ್ರಂಥಾಲಯದಲ್ಲಿ ಬ್ರಿಟಿಷ್ ಕಾಲದ ವರದಿಗಳ ದೊಡ್ಡ ಸಂಗ್ರಹವಿದೆ, ಬಹಳಷ್ಟು ಸ್ಕ್ಯಾನ್ ಆಗಿ ಕುಳಿತಲ್ಲೇ ಓದಲು ಸಿಗುತ್ತದೆ. ಮುಂಬೈ ಪ್ರಾಂತ್ಯದ 1881ರ ವರದಿ ಬರೆದವರು ಜೆ. ಎ. ಬೇನ್ಸ್ ಎಂಬ ಐಸಿಎಸ್ ಅಧಿಕಾರಿ. ಮುಂದೆ ಇಡೀ ದೇಶದ 1891ರ ಗಣತಿಯನ್ನು ನಡೆಸಿ, ಕೊನೆಗೆ ಲಂಡನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಅಧ್ಯಕ್ಷರಾದವರು. ನನ್ನ ಕಸುಬಿನವರೇ ಅನ್ನಿ.

ಬಾದಾಮಿ ಆಗ ಇದ್ದದ್ದು ಕಲಾದಗಿ ಜಿಲ್ಲೆಯಲ್ಲಿ. ಇವತ್ತು ಕಲಾದಗಿ ಎಂದರೆ ದಾಳಿಂಬೆ, ಚಿಕ್ಕು ಎನ್ನುತ್ತಾರೆ, ಆಗ ಅದೇ ಜಿಲ್ಲಾ ಕೇಂದ್ರ. 1880ರ ದಶಕದಲ್ಲಿ ಕಚೇರಿ ವಿಜಾಪುರಕ್ಕೆ ಹೋಯಿತು, ಜಿಲ್ಲೆಯ ಹೆಸರೂ ವಿಜಾಪುರ ಆಯಿತು. 1997ರಲ್ಲಿ ಅದರಿಂದ ಬಾಗಲಕೋಟೆ ಬೇರೆಯಾಯಿತು. ಹಳೆಯ ದಾಖಲೆ ಹುಡುಕುವವರು ಇದನ್ನು ನೆನಪಿಡಬೇಕು. ಅಜ್ಜ ಇದ್ದಲ್ಲೇ ಇದ್ದರೂ ಜಿಲ್ಲೆ ಅವನ ಕಾಲಕೆಳಗೆ ಹೆಸರು ಬದಲಿಸುತ್ತಿರುತ್ತದೆ.

1872ರ ಗಣತಿಯಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ 8 ಲಕ್ಷ ದಾಟಿತ್ತು. 1881ರಲ್ಲಿ ಅದು ಆರೂವರೆ ಲಕ್ಷವನ್ನೂ ಮುಟ್ಟಲಿಲ್ಲ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇಲ್ಲ. ಎಲ್ಲರೂ ಸತ್ತರೆಂದಲ್ಲ. ನಮ್ಮವಳ ಹಾಗೆ ನಡೆದುಹೋದವರು ಬಹಳ, ಪಡುವಣಕ್ಕೆ, ನಿಜಾಮನ ಸೀಮೆಗೆ. ತುಂಗಭದ್ರೆಯಾಚೆಯ ಮೈಸೂರು ಸಂಸ್ಥಾನದ ಲೆಕ್ಕ ಇದಕ್ಕಿಂತ ದೊಡ್ಡದು. 1871ರಲ್ಲಿ 50,55,412 ಇದ್ದವರು 1881ಕ್ಕೆ 41,86,188 ಆಗಿದ್ದರು. 8,69,224 ಮಂದಿ ಕಡಿಮೆ, ನಡುವಿನ ವರ್ಷಗಳಲ್ಲಿ ಹುಟ್ಟಿದವರನ್ನೆಲ್ಲ ಸೇರಿಸಿದ ಮೇಲೂ.

ಮೈಸೂರಿನ ಈ ಅಂಕಿಯನ್ನು ಗಂಡು ಹೆಣ್ಣು ಎಂದು ಒಡೆದಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. 1871ರಲ್ಲಿ ಗಂಡಸರು 25,35,924, ಹೆಂಗಸರು 25,19,488. ಗಂಡಸರೇ ಹೆಚ್ಚು. 1881ರಲ್ಲಿ ಗಂಡಸರು 20,85,842, ಹೆಂಗಸರು 21,00,346. ಲೆಕ್ಕ ತಿರುಗಿಬಿದ್ದಿದೆ. ಹಸಿವನ್ನು ಹೆಂಗಸರ ದೇಹ ಗಂಡಸರಿಗಿಂತ ಹೆಚ್ಚು ದಿನ ತಡೆಯುತ್ತದೆ ಎನ್ನುವುದು ನಮ್ಮ ಕಸುಬಿನವರಿಗೆ ಹೊಸದಲ್ಲ, ಬೇರೆ ದೇಶಗಳ ಬರಗಾಲದಲ್ಲೂ ಕಂಡದ್ದೇ. ಆದರೆ ನಮ್ಮ ಮನೆಯ ಕಥೆ, ಗಂಡನಿಲ್ಲದೆ ಬಸುರಿಯೊಬ್ಬಳು ನಡೆದು ಬಂದದ್ದು, ಒಬ್ಬಳ ವಿಶೇಷ ಕಥೆ ಎಂದು ತಿಳಿದಿದ್ದ ನಮ್ಮ ಮನೆಯವರಿಗೆ ಇದನ್ನು ಹೇಗೆ ಹೇಳುವುದು? ಅಂಥವರು ದಾರಿತುಂಬ ಇದ್ದರು.

ಬರಗಾಲದ ಕಾಮಗಾರಿಗಳಲ್ಲಿ ಏನು ಕೊಡುತ್ತಿದ್ದರು ಎಂಬುದೂ ದಾಖಲೆಯಲ್ಲಿದೆ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಇಳಿಸಿದ ಕೂಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಒಂದು ಆಣೆ. ಪೌಂಡ್ ಎಂದರೆ ಸುಮಾರು 450 ಗ್ರಾಂ. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಅಷ್ಟು ತಿಂದು ಇಡೀ ದಿನ ಮಣ್ಣು ಹೊರಬೇಕು. ಹೊಲ ಇದ್ದವರದು ಇನ್ನೊಂದು ಪಾಡು. ಮುಂಬೈ ಪ್ರಾಂತ್ಯದ ಕಂದಾಯದ ಭಾಷೆಯಲ್ಲಿ, ತೀರ್ವೆ ಕಟ್ಟಲಾಗದೆ ಹೊಲ ಬಿಟ್ಟುಕೊಡುವುದಕ್ಕೆ 'ರಾಜೀನಾಮೆ' ಎಂದೇ ಹೆಸರು. ನಾವು ಕಂಪನಿಗೆ ಕೊಡುವ ಪದವೇ. ಐವರು ಅಣ್ಣತಮ್ಮಂದಿರ ಹೊಲವೂ ಹಾಗೇ ಹೋಗಿರಬೇಕು. ಅದನ್ನು ನಂತರ ಯಾರೋ ಕಬೂಲಾಯತಿ ಬರೆದುಕೊಟ್ಟು ತೆಗೆದುಕೊಂಡಿರಬೇಕು.

ಈಗ ಸಾಲಿನ ವಿಷಯ. 1881ರ ಗಣತಿ ನಡೆದದ್ದು ಫೆಬ್ರುವರಿ 17ರ ರಾತ್ರಿ. ಹುಣ್ಣಿಮೆ ಕಳೆದು ಮೂರು ದಿನ. ಎಣಿಸುವವರು ಬೆಳದಿಂಗಳಲ್ಲಿ ಮನೆಯಿಂದ ಮನೆಗೆ ನಡೆಯಲಿ ಎಂದು ಇಂಥ ರಾತ್ರಿಗಳನ್ನೇ ಆರಿಸುತ್ತಿದ್ದರು. ಮುಂಚೆಯೇ ಬರೆದಿಟ್ಟ ಪಟ್ಟಿಯನ್ನು ಆ ರಾತ್ರಿ ತಾಳೆ ನೋಡುವುದು, ನಡುವೆ ಸತ್ತವರನ್ನು ಹೊಡೆದುಹಾಕುವುದು, ಹುಟ್ಟಿದವರನ್ನೂ ಬಂದ ನೆಂಟರನ್ನೂ ಸೇರಿಸುವುದು. ಮುಂದಿನ ಗಣತಿಗಳಲ್ಲಿ ಮೊದಲ ಬರಹಕ್ಕೆ ಕಪ್ಪು ಶಾಯಿ, ಆ ರಾತ್ರಿಯ ತಿದ್ದುಪಡಿಗೆ ಕೆಂಪು ಶಾಯಿ ಎಂದು ನಿಯಮವಾಯಿತು. ವಯಸ್ಸಿನ ಕೋಷ್ಟಕದಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ಒಂದೊಂದೇ ವರ್ಷಕ್ಕೆ ಬೇರೆ ಮಾಡಿ ತೋರಿಸಿದ್ದಾರೆ. ದೊಡ್ಡವರ ವಯಸ್ಸನ್ನು ನಂಬುವ ಹಾಗಿಲ್ಲ. ಯಾರಿಗೂ ತಮ್ಮ ವಯಸ್ಸು ಗೊತ್ತಿರಲಿಲ್ಲ, ಎಲ್ಲರೂ ಇಪ್ಪತ್ತು, ಇಪ್ಪತ್ತೈದು, ಮೂವತ್ತು, ನಲವತ್ತು. ನಡುವಿನ ಅಂಕಿಗಳಲ್ಲಿ ಜನವೇ ಇಲ್ಲ. ಆದರೆ ಚಿಕ್ಕ ಮಕ್ಕಳ ವಯಸ್ಸಿನಲ್ಲಿ ತಾಯಂದಿರು ಅಷ್ಟು ತಪ್ಪುವುದಿಲ್ಲ. 'ಬರದಾಗ ಹುಟ್ಟಿದ್ದು', 'ಬರ ಮುಗದ ಮ್ಯಾಲೆ ಹುಟ್ಟಿದ್ದು' ಎಂದು ಹೇಳಿದರೆ ಲೆಕ್ಕ ತಾನಾಗಿ ಆಗುತ್ತದೆ.

ಬರ ಹೊಕ್ಕ ಸೀಮೆಗಳ ಈ ಕೋಷ್ಟಕದಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳ ಸಾಲು ಸೊರಗಿದೆ. ಮೇಲಿನ ಸಾಲುಗಳಲ್ಲಿ, ಬರ ಮುಗಿದ ಮೇಲೆ ಹುಟ್ಟಿದ ಹಸುಳೆಗಳು ತುಂಬಿಕೊಂಡಿವೆ. ಈ ಸಾಲಿಗೆ ಬಂದರೆ ಒಮ್ಮೆಲೇ ತಗ್ಗು, ಉತ್ತ ಹೊಲದಲ್ಲಿ ಬೀಜ ಬೀಳದೆ ಬಿಟ್ಟ ಸಾಲಿನ ಹಾಗೆ. ಹೆತ್ತವರು ಕಡಿಮೆ, ಹುಟ್ಟಿದ್ದರಲ್ಲಿ ಉಳಿದದ್ದು ಇನ್ನೂ ಕಡಿಮೆ. ನನ್ನ ಮುತ್ತಜ್ಜನಿಗೆ ಆ ರಾತ್ರಿ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ಧಾರವಾಡ ಜಿಲ್ಲೆಯ ಗಂಡುಮಕ್ಕಳ ಕಾಲಂನಲ್ಲಿ, ಆ ಬಡಕಲು ಸಂಖ್ಯೆಯಲ್ಲಿ, ಒಂದು ಅವನು. ಅವನಿಲ್ಲದಿದ್ದರೆ ಆ ಮೊತ್ತದ ಕೊನೆಯ ಅಂಕಿ ಬೇರೆ ಇರುತ್ತಿತ್ತು. ಇಷ್ಟನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಲೀಡ್ಸಿನವನ ಹಾಳೆಯಷ್ಟು ಅಲ್ಲ ಇದು, ಗೊತ್ತು. ಆದರೂ ನಾನು ಆ ಅಂಕಿಯ ಮೇಲೆ ಬೆರಳಿಟ್ಟು ಕೂತಿದ್ದೆ.

ಆಮೇಲೆ ಅವನ ಬೆನ್ನು ಹತ್ತುವುದು ಸುಲಭ. ಕೋಷ್ಟಕ ಓದುವವರಿಗೆ ಇದು ಗೊತ್ತು: ತಗ್ಗು ಮುಚ್ಚಿಹೋಗುವುದಿಲ್ಲ, ವಯಸ್ಸಾಗುತ್ತ ಹೋಗುತ್ತದೆ. 1891ರ ಫೆಬ್ರುವರಿ 26ರಂದು ಅದು ಹತ್ತರಿಂದ ಹದಿನೈದರ ನಡುವೆ ಇದೆ. ದನ ಕಾಯುವ ಹುಡುಗರ ಗುಂಪೇ ಚಿಕ್ಕದು. 1901ರ ಮಾರ್ಚ್ 1ರಂದು ಇಪ್ಪತ್ತು ದಾಟಿದೆ. ಮದುವೆಯಾಗಿ ಮಕ್ಕಳನ್ನು ಹೆರಬೇಕಾದವರೇ ಕಡಿಮೆ, ಹೀಗಾಗಿ ಅವರ ಮಕ್ಕಳ ಸಾಲಿಗೂ ಒಂದು ನೆರಳು ಬೀಳುತ್ತದೆ. ಆ ಹೊತ್ತಿಗೆ ಪ್ಲೇಗು ಬಂದು ಹೋಗಿತ್ತು, ಇನ್ನೊಂದು ಬರವೂ. 1918ರಲ್ಲಿ ಪುಣೆ ಕಡೆ ಮಾನಮೋಡಿ ಎಂದು ಕರೆದ ಇನ್‌ಫ್ಲುಯೆಂಜಾ ಬಂತು. ಅದು ಹರೆಯದವರನ್ನೇ ಹೆಚ್ಚು ಒಯ್ದ ರೋಗ. ಅವನಿಗಾಗ ನಲವತ್ತೊಂದು, ನನ್ನ ಅಜ್ಜನಿಗೆ ಮೂರು. ಇಬ್ಬರೂ ಉಳಿದರು. 1921ರ ಮಾರ್ಚ್ 18ರ ಎಣಿಕೆಯಲ್ಲಿ ಇಬ್ಬರೂ ಇದ್ದಾರೆ, ಎರಡು ಬೇರೆ ಬೇರೆ ಸಾಲುಗಳಲ್ಲಿ. ಒಂದು ವಿಮಾ ಕಂಪನಿ 1881ರಲ್ಲಿ ಆ ಹುಡುಗನನ್ನು ನೋಡಿದ್ದರೆ ಪಾಲಿಸಿ ಕೊಡುತ್ತಿರಲಿಲ್ಲ. ಇದನ್ನು ನಾನು ಕಸುಬಿನ ತಿಳಿವಳಿಕೆಯಿಂದ ಹೇಳುತ್ತಿದ್ದೇನೆ.

ಅವಳ ವಿಷಯ ಮಾತ್ರ ಬೇರೆ. ಅವಳನ್ನು ಯಾವ ಸಾಲಿನಲ್ಲಿ ಹುಡುಕುವುದು? ಇಪ್ಪತ್ತೋ ಇಪ್ಪತ್ತೈದೋ ಎಂದು ಗಣತಿಯವನೇ ಮುಖ ನೋಡಿ ಬರೆದುಕೊಂಡಿರುತ್ತಾನೆ. 1881ರ ಸೂಚನೆಗಳಲ್ಲಿ ಒಂದು ಮಾತಿದೆ: ಹೆಂಗಸಿನ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಒತ್ತಾಯ ಬೇಡ, ಹೆಸರಿನ ಜಾಗದಲ್ಲಿ 'ಹೆಣ್ಣು' ಎಂದು ಬರೆದರೆ ಸಾಕು. ಅದನ್ನು ಓದಿ ನಕ್ಕೆ, ಆಮೇಲೆ ನಗು ಹೋಯಿತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಒಡಪಿನಲ್ಲಿ ಅಡಗಿಸಿ ಹೇಳುತ್ತಿದ್ದರು. ಮದುವೆ, ಸೀಮಂತಗಳಲ್ಲಿ ಬಾಗಿಲಲ್ಲಿ ತಡೆದು ಒಡಪು ಹೇಳಿಸುವ ಆಟ ಈಗಲೂ ಇದೆ. ಅವಳ ಹೆಸರನ್ನು ಯಾವ ಒಡಪಿನಲ್ಲೂ ಯಾರೂ ಅಡಗಿಸಿಡಲಿಲ್ಲ. ಆ ರಾತ್ರಿ ಕೊಟ್ಟಿಗೆಯ ಮುಂದೆ ಕಂದೀಲು ಹಿಡಿದು ನಿಂತವನಿಗೆ ಉತ್ತರ ಕೊಟ್ಟವರು ಯಾರು? ಅವಳೇ ಹೇಳಿದಳೋ, ಕೊಟ್ಟಿಗೆಯ ಯಜಮಾನ ಹೇಳಿದನೋ? ಒಬ್ಬ ಹೆಂಗಸು, ವಿಧವೆ, ಕೂಲಿ. ಹುಟ್ಟಿದ ಜಿಲ್ಲೆ ಕಲಾದಗಿ. ಮಗನ ಹುಟ್ಟಿದ ಸ್ಥಳದ ಕಾಲಂಗೆ ಏನು ಬರೆದಿರಬಹುದು? ದಾರಿ ಎನ್ನುವುದು ಯಾವ ಜಿಲ್ಲೆಯಲ್ಲೂ ಇಲ್ಲ.

ಹೋದ ಚಳಿಗಾಲ ರಜೆ ಹಾಕಿ ಸೊಲ್ಲಾಪುರದಿಂದ ಗದಗ ಕಡೆಯ ರೈಲು ಹಿಡಿದು ಬಾದಾಮಿಗೆ ಹೋದೆ. ಆ ದಾರಿ ಹಾಕಿದ ಸದರ್ನ್ ಮರಾಠಾ ರೈಲ್ವೆ ಹುಟ್ಟಿದ್ದು 1882ರಲ್ಲಿ, ಬರಗಾಲದ ಬೆನ್ನಿಗೆ. ಇನ್ನೊಮ್ಮೆ ಮಳೆ ಹೋದರೆ ಈ ಒಣ ಸೀಮೆಗೆ ಕಾಳು ಮುಟ್ಟಿಸಬೇಕು ಎಂಬುದು ಅದನ್ನು ಹಾಕಿದ್ದಕ್ಕೆ ಒಂದು ಕಾರಣ. ಐದು ವರ್ಷ ಮೊದಲು ಬಂದಿದ್ದರೆ ಎಂದು ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕುತ್ತಿದ್ದೆ. ಬಂದಿದ್ದರೂ ಕಾಳು ಇಳಿಯುತ್ತಿತ್ತೋ ಏರುತ್ತಿತ್ತೋ, ಅದೂ ಹೇಳಲಾಗದು. ಆ ಬರದಲ್ಲಿ ದೇಶದಿಂದ ಗೋಧಿ ಹೊರಗೆ ಹೋಗುವುದು ನಿಂತಿರಲಿಲ್ಲ.

ನಮ್ಮ ಮನೆದೇವರು ಬನಶಂಕರಿ. ಅವಳಿಗೆ ಶಾಕಂಬರಿ ಎಂದೂ ಹೆಸರು. ಮಳೆಯಿಲ್ಲದೆ ಲೋಕ ಸಾಯುವಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಹುಟ್ಟಿಸಿ ಉಣಿಸಿದವಳು. ಬನದ ಹುಣ್ಣಿಮೆಗೆ ಮುಂಚೆ ಅವಳಿಗೆ ನೂರೆಂಟು ಬಗೆಯ ಪಲ್ಯ ಮಾಡಿ ಎಡೆ ಕೊಡುವ ಪಲ್ಲೇದ ಹಬ್ಬ ನಡೆಯುತ್ತದೆ. ನಾವು ಕಲಘಟಗಿಯಲ್ಲಿ ಕೂತು, ನಡುವೆ ಇರುವ ಹತ್ತಾರು ದೇವರನ್ನು ಬಿಟ್ಟು, ಇಷ್ಟು ದೂರದ ಈ ದೇವಿಗೆ ಏಕೆ ನಡೆದುಕೊಳ್ಳುತ್ತೇವೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಅವಳು ಹೊರಟಾಗ ಕೈಯಲ್ಲಿ ತಂದದ್ದು ಏನೂ ಇಲ್ಲ, ಊರ ಹೆಸರು ಮತ್ತು ದೇವರ ಹೆಸರು ಬಿಟ್ಟರೆ. ಎರಡನ್ನೂ ಮಗನಿಗೆ ಕೊಟ್ಟಳು. ತನ್ನದನ್ನು ಕೊಡಲಿಲ್ಲ, ಅಥವಾ ಕೊಟ್ಟಿದ್ದನ್ನು ನಾವು ಉಳಿಸಿಕೊಳ್ಳಲಿಲ್ಲ.

ಆ ಹಳ್ಳಿಗೂ ಹೋದೆ. ನಮ್ಮ ಅಡ್ಡಹೆಸರಿನವರು ಅಲ್ಲಿ ಒಬ್ಬರೂ ಇಲ್ಲ, ಇರುವುದೂ ಸಾಧ್ಯವಿಲ್ಲ. ಶಾಲೆಯ ಹಳೆಯ ಜನರಲ್ ರಜಿಸ್ಟರ್ ತೋರಿಸಿದರು, ಅದು ಶುರುವಾಗುವ ಹೊತ್ತಿಗೆ ಇವಳು ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಿಮ್ಮ ಮನೆತನ ಊರಲ್ಲೇ ಉಳಿದಿದ್ದರೆ ಈ ರಜಿಸ್ಟರುಗಳನ್ನೂ, ಹೊಲದ ಹಳೆಯ ಉತಾರ ಮತ್ತು ವಾರಸಾ ಡೈರಿಗಳನ್ನೂ ಮೊದಲು ನೋಡಿ. ಮುಂಬೈ ಪ್ರಾಂತ್ಯದ ಕಡೆಯವರಿಗೆ ಕೆಲವು ಕಾಗದ ಮೋಡಿ ಲಿಪಿಯಲ್ಲಿ ಸಿಗಬಹುದು. ಪುಣೆಯಲ್ಲಿದ್ದರೆ ಅದನ್ನು ಓದಿಕೊಡುವವರು ಇನ್ನೂ ಇದ್ದಾರೆ. ಗಣತಿಗಿಂತ ಅಲ್ಲಿ ಹೆಸರು ಸಿಗುವ ಸಾಧ್ಯತೆ ಹೆಚ್ಚು. ನಮ್ಮದು ಹೊಲ ಬಿಟ್ಟು ನಡೆದವರ ಮನೆ. ಹೊಲ ಇಲ್ಲದವರನ್ನು ಕಾಗದ ನೆನಪಿಡುವುದು ಕಡಿಮೆ.

1881ರ ಪುಟವನ್ನು ಮುದ್ರಿಸಿ ಅಪ್ಪನಿಗೆ ಒಯ್ದುಕೊಟ್ಟೆ. ಸಾಲು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. 'ಇದರಾಗ ಅವ ಎಲ್ಲದಾನ?' ಎಂದರು. ಈ ಅಂಕಿಯ ಒಳಗೆ ಎಂದೆ. 'ಉಳದವರು ಯಾರ ಯಾರೋ' ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, 'ಆಕಿ?' ಎಂದರು. ನಾನು ಹೆಂಗಸರ ಕಾಲಂನ ಒಟ್ಟು ಮೊತ್ತ ತೋರಿಸಿದೆ. ಅವರು ಅದನ್ನು ಒಪ್ಪಲಿಲ್ಲ. 'ಅದು ಎಲ್ಲಾರದ ಆತಲ್ಲವಾ' ಎಂದರು. ಸರಿಯಾಗಿಯೇ ಹೇಳಿದರು.

2027ರ ಮಾರ್ಚ್ 1ಕ್ಕೆ ಲೆಕ್ಕ ಹಿಡಿಯುವ ಹೊಸ ಗಣತಿಯಲ್ಲಿ ನಮ್ಮ ವಿವರವನ್ನು ನಾವೇ ಫೋನಿನಲ್ಲಿ ತುಂಬಬಹುದಂತೆ. ಮಗಳು ಆ ಕೆಲಸ ತನಗೆ ಬೇಕು ಎಂದಿದ್ದಾಳೆ. ಅದನ್ನೂ ಮುಂದೆ ಯಾರೂ ನೋಡಲಾರರು ಎಂದು ಹೇಳಿದ್ದಕ್ಕೆ, ಹಾಗಾದರೆ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳೋಣ ಎಂದಳು. ಅಜ್ಜನಿಗೆ ಈ ಮಾತು ಬಹಳ ಹಿಡಿಸಿತು.

ಈ ನಡುವೆ ಹೆಳವನಿಗೆ ಮತ್ತೆ ಫೋನ್ ಮಾಡಿದ್ದೆ. ಅವನು ಒಂದು ದಾರಿ ಹೇಳಿದ. ಅವನ ಪುಸ್ತಕದಲ್ಲಿ ಅವಳ ಹೆಸರಿಲ್ಲ, ಆದರೆ ಯಾವ ಊರಿನಿಂದ ಹೆಣ್ಣು ತಂದರು ಎಂಬುದು ಅವನ ಅಜ್ಜ ಹೇಳಿಕೊಂಡು ಬಂದ ಮಾತಿನಲ್ಲಿದೆ. ಹುನಗುಂದದ ಕಡೆಯ ಹಳ್ಳಿ. ಆ ಮನೆತನಕ್ಕೆ ಬೇರೆ ಹೆಳವ. 'ತವರಮನಿ ಪುಸ್ತಕದಾಗ ಅಣ್ಣತಮ್ಮರ ಸಾಲ ಇರತೈತ್ರಿ ಅಕ್ಕಾರ. ಮಗಳನ್ನ ಎಲ್ಲಿಗೆ ಕೊಟ್ಟರು ಅಂತ ಕೆಲವೊಬ್ಬರು ಬರದಿಟ್ಟಿರತಾರ್ರಿ, ಎಲ್ಲಾರೂ ಅಲ್ಲ. ಆ ಮನಿ ಬರದಾಗ ನಿಂತಿರದಿದ್ರ ಕೇಳಿ ನೋಡಬಹುದ್ರಿ.' ಆ ಇನ್ನೊಬ್ಬ ಹೆಳವ ಫೋನ್ ಎತ್ತುವುದಿಲ್ಲವಂತೆ, ಸುಗ್ಗಿ ಮುಗಿದ ಮೇಲೆ ಊರೂರು ತಿರುಗುವಾಗ ಕೈಗೆ ಸಿಗುತ್ತಾನಂತೆ. ಇವನೇ ಹೋಗಿ ಕರೆದುಕೊಂಡು ಬರುತ್ತೇನೆಂದಿದ್ದಾನೆ. ಕಾಣಿಕೆ ಏನು ಎಂದು ಅಪ್ಪ ಕೇಳಿದರು. ಇಬ್ಬರಿಗೂ ಒಂದೊಂದು ಚೀಲ ಭತ್ತ, ಬೈಕಿನ ಪೆಟ್ರೋಲಿಗೆ ಫೋನ್‌ಪೇ. ಅಪ್ಪ ಎರಡು ಚೀಲ ಬೇರೆ ಕಟ್ಟಿಸಿ, ಇಲಿ ಮುಟ್ಟದ ಹಾಗೆ ಅಟ್ಟದ ಮೇಲೆ ಇಡಿಸಿದ್ದಾರೆ.